ಎರಡು ಸಲ ಓದಲಾಗುವುದು

“ನಿನ್ನ ಕಡೆ ಸ್ವಲ್ಪ ಎತ್ತು,” ಎಂದು ತಂಗಿ ಹೇಳುವಷ್ಟರಲ್ಲಿ ಬೆಂಚಿನ ಕಾಲು ಗೋಡೆಗೆ ಉಜ್ಜಿ ಸುಣ್ಣ ಉದುರಿತು. ಕಂಡಕ್ಟರ್ ನಾಲಿಗೆ ಕಚ್ಚಿಕೊಂಡು, ತನ್ನ ತುದಿಯನ್ನು ಮೊಣಕಾಲಿನಿಂದ ಮೇಲೆತ್ತಿ, ಬೆಂಚನ್ನು ಅಂಗಳಕ್ಕೆ ದಾಟಿಸಿದ. ಅದು ಎಂಟನೆಯದು. ಮನೆಯ ಮುಂಗೋಣೆಯಲ್ಲಿ ಇನ್ನು ಉಳಿದದ್ದು ಒಂದು ಬೆಂಚು, ಗೋಡೆಯ ಕಪ್ಪುಹಲಗೆ, ಕಿಟಕಿಯ ಪಕ್ಕದ ಮಂಚದ ಮೇಲೆ ಅಕ್ಕ.

ಆಸ್ಪತ್ರೆಯಿಂದ ಬೆಳಗ್ಗೆ ಆರಕ್ಕೆ ತಂದು ಮಲಗಿಸಿದ್ದರು. ಹನ್ನೊಂದಕ್ಕೆ ವಾಹನ ಬರುತ್ತದೆ, ಹನ್ನೆರಡಕ್ಕೆ ವಿದ್ಯುತ್ ಚಿತಾಗಾರದಲ್ಲಿ ಸರದಿ. ಅಷ್ಟರೊಳಗೆ ಬಂದವರಿಗೆ ನಿಲ್ಲಲು ಜಾಗ ಬೇಕು. ಇಪ್ಪತ್ತೆಂಟು ವರ್ಷ ಈ ಕೋಣೆಯಲ್ಲಿ ಶಾಲೆಯ ಕೊನೆಯ ಪರೀಕ್ಷೆಗೆ ಕೂರುವ ಮಕ್ಕಳು, ಅದರಲ್ಲೂ ಒಂದೆರಡು ಸಲ ಕೂತು ಫೇಲಾದವರು, ಇಂಗ್ಲಿಷನ್ನು ಕೇಳಿ ತಿಳಿಯುವುದನ್ನೂ ಓದಿ ತಿಳಿಯುವುದನ್ನೂ ಅಭ್ಯಾಸ ಮಾಡಿದ್ದರು. ಅಕ್ಕ ಪ್ಯಾಸೇಜ್, ಅಂದರೆ ಪ್ರಶ್ನೆ ಕೇಳಲೆಂದು ಒಂದು ಪುಟ್ಟ ಕಥೆ, ಬರೆಯುತ್ತಿದ್ದಳು, ಉಗ್ರಾಣದ ಗೋಡೆಗೆಲ್ಲ ಕಂಬಳಿ ತೂಗುಹಾಕಿ ಅದನ್ನು ತನ್ನದೇ ದನಿಯಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಡಾಕ್ಟರೂ ಅವಳೇ, ರೈಲು ನಿಲ್ದಾಣದ ಪ್ರಕಟಣೆಯೂ ಅವಳೇ, ದಾರಿ ಕೇಳುವ ಮುದುಕನೂ ಅವಳೇ. ತಂಗಿ ಟೈಪ್ ಮಾಡುತ್ತಿದ್ದಳು, ಪ್ರತಿ ತೆಗೆಯುತ್ತಿದ್ದಳು, ಮಕ್ಕಳ ಉತ್ತರ ತಿದ್ದುತ್ತಿದ್ದಳು. ಊರಿನ ಬಾಯಲ್ಲಿ ಅಕ್ಕ ಪ್ಯಾಸೇಜ್ ಮೇಡಂ, ತಂಗಿ ಚಿಕ್ಕ ಮೇಡಂ.

“ಫಿಫ್ಟೀನು, ಫಿಫ್ಟಿ ಎರಡೂ ನನ್ನ ಕಿವಿಗೆ ಒಂದೇ ಆಗಿತ್ತು,” ಎಂದು ಕಂಡಕ್ಟರ್ ಬೆವರು ಒರೆಸಿಕೊಂಡ. ಬಸ್ಸಿನ ಡ್ಯೂಟಿಗೆ ರಜೆ ಹಾಕಿ ಬಂದಿದ್ದ. “ಒಂದು ವಾರ ಬರೀ ಅವೆರಡನ್ನೇ ಕೇಳಿಸಿದ್ರು ದೊಡ್ಡ ಮೇಡಂ. ಮೂರನೇ ಸಲಕ್ಕೆ ಪಾಸಾದೆ.”

“ನಾಲ್ಕನೇ ಸಲಕ್ಕೆ.”

“ಹೌದು, ನಾಲ್ಕು. ನೀವು ಮರೀಬೇಕಲ್ಲ.”

ಮಂಚದ ಬಳಿ ಹೂವು ಜೋಡಿಸುತ್ತಿದ್ದ ಔಷಧಿ ಅಂಗಡಿಯವಳು ತಲೆಯೆತ್ತಲಿಲ್ಲ. ನಲವತ್ತನಾಲ್ಕರ ಹೆಂಗಸು, ಮಾತು ಕಮ್ಮಿ. “ಬೆಳಗ್ಗೆ ಅಂಗಡಿ ಬಾಗಿಲು ತೆಗೀತಿದ್ದೆ,” ಎಂದಳು. “ಹೆಡ್ ಮೇಡಂ ಬಂದು ನಿಂತಿದ್ರು. ಎಷ್ಟು ಗಂಟೆಗೆ ಎತ್ತೋದು ಅಂತ ಕೇಳಿದ್ರು.”

ಕಂಡಕ್ಟರ್ ಒರೆಸುವುದನ್ನು ನಿಲ್ಲಿಸಿದ.

“ನೀನೇನಂದೆ?” ತಂಗಿ ಕೇಳಿದಳು.

“ಹನ್ನೊಂದು ಅಂದೆ. ಎರಡು ಗಂಟೆ ಅನ್ನಬೇಕಿತ್ತು.”

“ಬೇಡ. ಬರಲಿ.”

ಹಾಗೆಂದು ತಂಗಿ ಕೈಚೀಲದ ಒಳಜೇಬಿನಲ್ಲಿ ಅಕ್ಕ ಬರೆಸಿದ ಕಾಗದ ಇದೆಯೇ ಎಂದು ಮತ್ತೊಮ್ಮೆ ಮುಟ್ಟಿ ನೋಡಿಕೊಂಡಳು.

* * *

ಇಪ್ಪತ್ತೆಂಟು ವರ್ಷದ ಹಿಂದೆ ಅಕ್ಕನಿಗೆ ಮೂವತ್ಮೂರು. ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಅಲ್ಲಿ ಅವಳಿಗಿಂತ ಹಿರಿಯಳೊಬ್ಬಳು ಇದ್ದಳು, ಮುಂದೆ ಹೆಡ್ ಮೇಡಂ ಆದವಳು. ಕೊನೆಯ ಪರೀಕ್ಷೆಯ ದಿನ ಇಬ್ಬರಿಗೂ ಒಂದೇ ಕೋಣೆಯ ಮೇಲ್ವಿಚಾರಣೆ. ಇಂಗ್ಲಿಷ್ ಮಾತಿನ ಟೇಪು ಎರಡು ಸಲ ಕೇಳಿಸಬೇಕು, ಆಮೇಲೆ ಪ್ರಶ್ನೆ. ಮೊದಲ ಸಲ ಕೇಳಿಸಿತು. ಎರಡನೇ ಸಲ ಟೇಪ್ ರೆಕಾರ್ಡರ್ ಸುರುಳಿಯನ್ನು ಒಳಗೆಳೆದು ಜಗಿದುಬಿಟ್ಟಿತು. ಹಿಂದಿನ ವಾರವಿಡೀ ಆ ಯಂತ್ರ ಹಿರಿಯಳ ಮನೆಯಲ್ಲಿತ್ತು, ಹಾಡು ಕೇಳಲು ಒಯ್ದಿದ್ದಳು.

ಹುಡುಗಿಯರು ಪೆನ್ನು ಹಿಡಿದು ಮುಖ ನೋಡುತ್ತಿದ್ದರು. ಹೀಗಾದರೆ ಇರಲಿ ಎಂದು, ಗಟ್ಟಿಯಾಗಿ ಓದಿ ಹೇಳಲು ಟೇಪಿನ ಮಾತಿನ ಒಂದು ಪ್ರತಿಯನ್ನು ಲಕೋಟೆಯಲ್ಲಿ ಮೊಹರು ಮಾಡಿ ಇಟ್ಟಿರುತ್ತಾರೆ. ಪರೀಕ್ಷಾ ಕಚೇರಿಗೆ ಫೋನ್ ಮಾಡಿ ಕೇಳದೆ ಅದನ್ನು ಒಡೆಯುವಂತಿಲ್ಲ. ಹಿರಿಯಳು ಒಡೆದಳು. ಅಕ್ಕನ ಕೈಗೆ ತುರುಕಿದಳು. “ನೀನು ಓದು. ನಿನ್ನ ಉಚ್ಚಾರ ಚೆನ್ನಾಗಿದೆ.”

ಅಕ್ಕ ಓದಿದಳು. ಮೂರು ವಾರದ ನಂತರ ವಿಚಾರಣೆ. ಹಿರಿಯಳು ಎರಡು ಸಲ ಗಂಟಲು ಸರಿಮಾಡಿಕೊಂಡು, ಲಕೋಟೆ ಒಡೆದವಳು ಇವಳೇ, ಉತ್ತರ ಬರುವ ಕಡೆಯೆಲ್ಲ ದನಿ ಒತ್ತಿ ಓದಿದಳು, ನಾನು ತಡೆಯಲು ನೋಡಿದೆ ಎಂದಳು. ಬರೆದೂ ಕೊಟ್ಟಳು. ಅಕ್ಕನ ಕೆಲಸ ಹೋಯಿತು. ನಲವತ್ತೆರಡು ಹುಡುಗಿಯರ ಫಲಿತಾಂಶ ರದ್ದಾಗಿ, ಮರುವರ್ಷ ಮತ್ತೆ ಕೂರಬೇಕಾಯಿತು. ಎಲ್ಲರೂ ಕೂರಲಿಲ್ಲ. ಒಬ್ಬಳ ಅಪ್ಪ, ಓದಿದ್ದು ಸಾಕು ಎಂದು ಅವಳನ್ನು ತನ್ನ ಔಷಧಿ ಅಂಗಡಿಯ ಕಟ್ಟೆಗೆ ಕೂರಿಸಿದ. ಹಿರಿಯಳು ಅದೇ ವರ್ಷ ಮುಖ್ಯೋಪಾಧ್ಯಾಯಿನಿಯ ಕುರ್ಚಿಗೆ ಏರಿದಳು.

ಅಕ್ಕ ಅಳಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಒಂಬತ್ತು ಬೆಂಚು ಮಾಡಿಸಿದಳು. ಮೊದಲನೇ ಪ್ಯಾಸೇಜ್ ಬರೆದಳು. ಅದರಲ್ಲಿ ಒಬ್ಬಳು ಅಂಚೆ ಕಚೇರಿಯವಳು, ಕಳೆದುಹೋದ ಪತ್ರದ ತಪ್ಪನ್ನು ಜೊತೆಯವಳ ತಲೆಗೆ ಕಟ್ಟುತ್ತಾಳೆ. ಸುಳ್ಳು ಹೇಳುವ ಮುನ್ನ ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಾಳೆ. ಪ್ರಶ್ನೆ: ಈ ಹೆಂಗಸು ಸುಳ್ಳು ಹೇಳುತ್ತಿದ್ದಾಳೆಂದು ನಮಗೆ ಹೇಗೆ ತಿಳಿಯುತ್ತದೆ? ಮಕ್ಕಳು ಬರೆಯುತ್ತಿದ್ದರು: ಗಂಟಲಿನಿಂದ.

ಎರಡನೆಯದರಲ್ಲಿ ಅವಳು ಹಡಗಿನ ಕಪ್ತಾನನ ಹೆಂಡತಿ. ಮೂರನೆಯದರಲ್ಲಿ ಬಾತುಕೋಳಿ ಸಾಕುವವಳು. ವೇಷ ಬೇರೆ, ಗಂಟಲು ಅದೇ. ಅಕ್ಕ ಟೇಪಿನಲ್ಲಿ ಆ ಸದ್ದನ್ನು ಎಷ್ಟು ಚೊಕ್ಕವಾಗಿ ಮಾಡುತ್ತಿದ್ದಳೆಂದರೆ, ಒಮ್ಮೆ ಹೆಡ್ ಮೇಡಂ ಮಾತು ಕೇಳಿದ ಮಗುವಿಗೆ ಬೇರೇನೂ ಹೇಳಬೇಕಿರಲಿಲ್ಲ.

ಹಾಗಾಗಿ ಅದು ಕೋಣೆ ದಾಟಿ ಬೀದಿಗೆ ಬಂತು. ಹೆಡ್ ಮೇಡಂ ರಸ್ತೆಯಲ್ಲಿ ಬಂದರೆ ಸೈಕಲ್ ಮೇಲಿನ ಹುಡುಗರು ಗಂಟಲು ಸರಿಮಾಡಿಕೊಂಡರು. ಶಾಲೆಯ ವಾರ್ಷಿಕ ಸಭೆಯಲ್ಲಿ ಅವಳು ಮೈಕಿನ ಮುಂದೆ ನಿಂತರೆ ಇನ್ನೂರು ಗಂಟಲು ಒಟ್ಟಿಗೆ ಸರಿಯಾದವು. ಅವಳು ಭಾಷಣ ಬಿಟ್ಟಳು. ಆಮೇಲೆ ನಿವೃತ್ತಿಗೆ ಮೂರು ವರ್ಷ ಇರುವಾಗಲೇ ಕೆಲಸ ಬಿಟ್ಟಳು.

ಒಂದು ಸಲ ತಂಗಿ ತರಕಾರಿ ಅಂಗಡಿಯಲ್ಲಿ ಅವಳನ್ನು ಹತ್ತಿರದಿಂದ ನೋಡಿದಳು. ಹೆಡ್ ಮೇಡಂ ಏನೋ ಕೇಳಬೇಕೆಂದು ಬಾಯಿ ತೆರೆದು, ಗಂಟಲು ಕಟ್ಟಿ, ಸುತ್ತಲೂ ನೋಡಿ, ಆ ಕೆಮ್ಮನ್ನು ಹಾಗೇ ನುಂಗಿದಳು. ಕಣ್ಣಲ್ಲಿ ನೀರು ಬಂತು. ಏನನ್ನೂ ಕೊಳ್ಳದೆ ಹೊರಟುಹೋದಳು.

“ಸಾಕು ಅಕ್ಕ,” ಎಂದು ತಂಗಿ ಅಂದು ಮನೆಗೆ ಬಂದು ಹೇಳಿದ್ದಳು.

ಅಕ್ಕ ಹೊಸ ಪ್ಯಾಸೇಜಿನ ಕರಡಿನಿಂದ ಕಣ್ಣು ತೆಗೆಯಲಿಲ್ಲ. “ಆ ನಲವತ್ತೆರಡು ಜನ ಬಂದು ಸಾಕು ಅನ್ನಲಿ, ನಿಲ್ಲಿಸ್ತೀನಿ. ನೀನ್ಯಾರು ಸಾಕು ಅನ್ನೋಕೆ?”

ಮರುದಿನ ತಂಗಿ ಅದನ್ನೂ ಟೈಪ್ ಮಾಡಿದಳು.

* * *

ಹತ್ತೂವರೆಗೆ ಕೋಣೆ ತುಂಬಿತ್ತು. ಬಂದವರೆಲ್ಲ ಹಳೆಯ ವಿದ್ಯಾರ್ಥಿಗಳು: ಕರೆಂಟ್ ಕೆಲಸದವರು, ನರ್ಸುಗಳು, ಬ್ಯಾಂಕಿನವರು. ಅಂಗಳದಲ್ಲಿ ಆಟೋ ನಿಂತ ಸದ್ದಾಯಿತು. ಹೆಡ್ ಮೇಡಂ ಒಬ್ಬಳೇ ಇಳಿದಳು. ಎಪ್ಪತ್ತೆರಡು ವರ್ಷ, ಕೈಯಲ್ಲಿ ಕೋಲು, ಬಲಗಿವಿಯಲ್ಲಿ ಶ್ರವಣಯಂತ್ರ. ಹೊಸ್ತಿಲು ದಾಟುತ್ತಿದ್ದಂತೆ ಕಂಡಕ್ಟರ್ ಗಂಟಲು ಸರಿಮಾಡಿಕೊಂಡ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಇಡೀ ಕೋಣೆ.

ತಂಗಿ ತಡೆಯಬಹುದಿತ್ತು. ತಡೆಯಲಿಲ್ಲ.

ತರಗತಿಯ ಗದ್ದಲ ತಗ್ಗಲೆಂದು ಕಾಯುವ ಹಾಗೆ ಹೆಡ್ ಮೇಡಂ ಕೋಲೂರಿ ನಿಂತಳು. “ಮುಗೀತಾ?” ಎಂದಳು. ಮಂಚದ ಬಳಿ ಹೋಗಿ ಅಕ್ಕನ ಮುಖ ನೋಡಿದಳು, ತುಂಬ ಹೊತ್ತು.

“ನೂರ ತೊಂಬತ್ಮೂರು ಪ್ಯಾಸೇಜೂ ಓದಿದ್ದೀನಿ,” ಎಂದಳು ತಂಗಿಯ ಕಡೆ ತಿರುಗದೆ. “ಮಕ್ಕಳ ಹತ್ರ ಇಸ್ಕೊಂಡು. ಒಂದು ಕಡೆನೂ ವ್ಯಾಕರಣ ತಪ್ಪಿಲ್ಲ.”

“ನೂರ ತೊಂಬತ್ನಾಲ್ಕು,” ಎಂದಳು ತಂಗಿ. “ಕೊನೇದು ನಿಮಗೇ ಅಂತ ಬರೆಸಿದ್ದು.”

ನಾಲ್ಕು ದಿನದ ಹಿಂದೆ, ಮಧ್ಯಾಹ್ನ, ಆಸ್ಪತ್ರೆಯಲ್ಲಿ ಅಕ್ಕ ಆಮ್ಲಜನಕದ ಮುಖವಾಡ ಸರಿಸಿ ಸರಿಸಿ ಒಂದೊಂದೇ ವಾಕ್ಯ ಹೇಳಿದ್ದಳು. ಅವಳು ಬಂದೇ ಬರ್ತಾಳೆ, ನಾನು ನಿಜವಾಗಿ ಸತ್ತಿದ್ದೀನಾ ಅಂತ ನೋಡೋಕೆ, ಎಲ್ಲರ ಮುಂದೆ ಓದು ಎಂದಿದ್ದಳು. ನನ್ನ ಕೈಲಾಗಲ್ಲ ಅಕ್ಕ ಎಂದು ತಂಗಿ ಹೇಳಿದ್ದಕ್ಕೆ, ಆಗಲ್ಲ ಅಂತ ಗೊತ್ತು, ಆದ್ರೂ ಬರ್ಕೋ ಎಂದಿದ್ದಳು.

ಈಗ ತಂಗಿ ಆ ಕಾಗದ ಬಿಡಿಸಿ ಓದಿದಳು. ಇಂಗ್ಲಿಷಿನಲ್ಲಿ ಹದಿನಾರು ಸಾಲು. ಅಂಚೆ ಕಚೇರಿ ಇರಲಿಲ್ಲ, ಹಡಗು ಇರಲಿಲ್ಲ. ಪರೀಕ್ಷೆಯ ಕೋಣೆ, ಜಗಿದ ಟೇಪು, ಲಕೋಟೆ, ಇಬ್ಬರು ಶಿಕ್ಷಕಿಯರು, ಅವರವರ ಹೆಸರಿನಲ್ಲೇ. ಮುಗಿಸಿದಾಗ ತಂಗಿಗೆ ತನ್ನ ದನಿ ಯಾರಿಗಾದರೂ ಕೇಳಿಸಿತೇ ಎಂಬ ಅನುಮಾನವಿತ್ತು.

ಹೆಡ್ ಮೇಡಂ ಶ್ರವಣಯಂತ್ರದ ಗುಂಡಿ ತಿರುಗಿಸಿದಳು. “ಎರಡು ಸಲ ಓದ್ಬೇಕು,” ಎಂದಳು. “ಪ್ರಶ್ನೆ ಆಮೇಲೆ.”

ಎರಡನೇ ಸಲ ತಂಗಿಯ ದನಿ ನಡುಗಲಿಲ್ಲ. ಐದು ಪ್ರಶ್ನೆ ಓದಿದಳು. ಲಕೋಟೆ ಒಡೆದವರು ಯಾರು? ಓದಲು ಹೇಳಿದವರು ಯಾರು? ವಿಚಾರಣೆಯಲ್ಲಿ ಆಕೆ ಏನೆಂದು ಬರೆದುಕೊಟ್ಟಳು? ಎಷ್ಟು ಹುಡುಗಿಯರು ವರ್ಷ ಕಳೆದುಕೊಂಡರು? ಆಕೆ ಏನು ಹೇಳಬೇಕಿತ್ತು?

“ಬಾಯಲ್ಲಿ ಹೇಳಲ್ಲ,” ಎಂದಳು ಹೆಡ್ ಮೇಡಂ. “ಇಪ್ಪತ್ತೆಂಟು ವರ್ಷದಿಂದ ಕೇಳ್ತಾ ಇದ್ದಾಳೆ. ಬರೆದೇ ಕೊಡ್ತೀನಿ. ಹಾಳೆ ಕೊಡು.”

ಉಳಿದಿದ್ದ ಒಂದೇ ಬೆಂಚಿನಲ್ಲಿ ಕೂತು ಬರೆದಳು. ನಲವತ್ತು ಐವತ್ತು ಜನ ನಿಂತು ಕಾದರು. ಬರೆದು ಮುಗಿಸಿ ಹಾಳೆಯನ್ನು ತಂಗಿಗೆ ತೋರಿಸಿದಳು. ದುಂಡಗಿನ ಅಕ್ಷರ. ಎಡಮೂಲೆಯಲ್ಲಿ ಹೆಸರು, ಬಲಮೂಲೆಯಲ್ಲಿ ದಿನಾಂಕ. ಜೀವನವೆಲ್ಲ ಪರೀಕ್ಷೆ ಬರೆಸಿದ ಕೈ, ತಾನಾಗಿ ಬರೆದಿತ್ತು. ನಾಲ್ಕು ಉತ್ತರವೂ ಪೂರ್ಣ ವಾಕ್ಯದಲ್ಲಿ, ನಾಲ್ಕೂ ಸರಿ. ಲಕೋಟೆ ಒಡೆದವಳು ನಾನು. ಓದಲು ಹೇಳಿದವಳು ನಾನು.

“ಐದನೇದು ಬಿಟ್ಟಿದ್ದೀರ.”

“ಅದರ ಉತ್ತರ ಪ್ಯಾಸೇಜಲ್ಲಿಲ್ಲ.”

ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ, ಹೂವು ಸರಿಸಿ, ಅಕ್ಕನ ಬೆರಳುಗಳ ಕೆಳಗೆ ಇಟ್ಟಳು. “ಇವಳ ಜೊತೆಗೇ ಹೋಗಲಿ,” ಎಂದಳು. ನರ್ಸೊಬ್ಬಳು ಕಣ್ಣೊರೆಸಿಕೊಂಡಳು. ಕಂಡಕ್ಟರ್ ತಲೆ ತಗ್ಗಿಸಿದ. ತಂಗಿಗೂ ಮುಗಿಯಿತು, ಕೊನೆಗೂ ಮುಗಿಯಿತು ಎನ್ನಿಸಿ, ಆ ಮುದುಕಿಯ ಕೈ ಹಿಡಿದುಕೊಳ್ಳಲು ಒಂದು ಹೆಜ್ಜೆ ಮುಂದಿಟ್ಟಳು.

ಹೆಡ್ ಮೇಡಂ ಗೋಡೆ ಗಡಿಯಾರ ನೋಡುತ್ತಿದ್ದಳು. “ವಾಹನ ಹೊತ್ತಿಗೆ ಸರಿಯಾಗಿ ಬರುತ್ತಲ್ಲ?” ಎಂದು ಕೇಳಿದಳು. “ಅಲ್ಲಿ ತಡ ಮಾಡಲ್ಲ ತಾನೆ?”

ತಂಗಿಯ ಕಾಲು ಅಲ್ಲೇ ನಿಂತಿತು. ಹನ್ನೆರಡಕ್ಕೆ ಸರದಿ. ಹನ್ನೆರಡೂಕಾಲಿಗೆ ಅಕ್ಕನೂ ಇಲ್ಲ, ಹಾಳೆಯೂ ಇಲ್ಲ. ಬರೆದದ್ದನ್ನು ಓದಿದವಳು ತಾನೊಬ್ಬಳೇ, ಅದೂ ಸತ್ತವಳ ತಂಗಿ. ನಾಳೆ ಯಾರು ನಂಬುತ್ತಾರೆ.

ಹೂವಿನ ಕೆಳಗೆ ಕೈ ಹಾಕಿ ಹಾಳೆಯನ್ನು ಎಳೆದುಕೊಂಡಳು. ಅಕ್ಕನ ಬೆರಳು ತಣ್ಣಗಿದ್ದವು, ತಡೆಯಲಿಲ್ಲ.

“ಅದು ಅವಳಿಗೆ ಬರೆದದ್ದು,” ಎಂದಳು ಹೆಡ್ ಮೇಡಂ.

“ಪ್ರಶ್ನೆ ಅವಳದು ಮೇಡಂ. ಉತ್ತರ ಮೊದಲಿಂದ್ಲೂ ನನ್ನ ಕೈಗೇ ಬರೋದು. ತಿದ್ದೋಳು ನಾನು.”

“ಕೊಡು ಇಲ್ಲಿ.” ಕೋಲು ಬಿಟ್ಟು ಕೈ ಚಾಚಿದಳು. ಎರಡು ಸಲ ಗಂಟಲು ಸರಿಮಾಡಿಕೊಂಡಳು. “ಅದು ನಿಜ ಅಂತ ಬರೆದದ್ದಲ್ಲ. ಸತ್ತವಳ ಸಮಾಧಾನಕ್ಕೆ ಬರೆದದ್ದು.”

ಕೋಣೆಯಲ್ಲಿ ಈ ಸಲ ಯಾರೂ ಸದ್ದು ಮಾಡಲಿಲ್ಲ. ಮಾಡುವ ಅಗತ್ಯ ಇರಲಿಲ್ಲ. ಹೆಡ್ ಮೇಡಂಗೇ ತನ್ನ ಗಂಟಲು ಕೇಳಿಸಿತು. ಒಬ್ಬೊಬ್ಬರ ಮುಖವನ್ನೂ ನೋಡಿದಳು, ಔಷಧಿ ಅಂಗಡಿಯವಳ ಮುಖದ ಮೇಲೆ ಬಂದಾಗ ಕಣ್ಣು ಕೆಳಗಿಳಿಸಿದಳು. ಕೋಲನ್ನು ಯಾರೂ ಎತ್ತಿಕೊಡಲಿಲ್ಲ. ಬಗ್ಗಿ ಅವಳೇ ಎತ್ತಿಕೊಂಡಳು, ಅದಕ್ಕೆ ಹೊತ್ತು ಹಿಡಿಯಿತು.

“ಈ ವಯಸ್ಸಲ್ಲಿ ನನ್ನ ಬೀದಿಗೆ ಎಳೀಬೇಡ,” ಎಂದಳು ಹೊಸ್ತಿಲ ಬಳಿ, ತಂಗಿಗೆ ಮಾತ್ರ ಕೇಳುವಂತೆ. “ನೀನು ಅವಳ ಥರ ಅಲ್ಲ. ಮೊದಲಿಂದ್ಲೂ ನೋಡಿದ್ದೀನಿ.”

“ನಾನೂ ಹಾಗೇ ಅಂದ್ಕೊಂಡಿದ್ದೆ,” ಎಂದಳು ತಂಗಿ.

* * *

ಹನ್ನೆರಡೂಕಾಲಿಗೆ ಎಲ್ಲ ಮುಗಿಯಿತು. ಬೂದಿಗೆ ಸಂಜೆ ಬನ್ನಿ ಎಂದು ಚೀಟಿ ಕೊಟ್ಟರು. ಜನ ಚದುರಿದರು. ಕಂಡಕ್ಟರ್ ಬೆಂಚುಗಳನ್ನು ಒಳಗಿಡುತ್ತೇನೆಂದು ಮನೆಯ ಬೀಗದ ಕೈ ಇಸಿದುಕೊಂಡು ಹೋದ.

ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ಮುಂದೆ ತಂಗಿ ಹಾಳೆ ಬಿಡಿಸಿ ಗಾಜಿನ ಕಪಾಟಿನ ಮೇಲೆ ಇಟ್ಟಳು. ತಿದ್ದದ ಹಾಳೆಯನ್ನು ಹೊರಗೆ ಕೊಟ್ಟು ಅವಳಿಗೆ ಅಭ್ಯಾಸವಿರಲಿಲ್ಲ. ಅಂಗಡಿಯವನ ಕೆಂಪು ಪೆನ್ನು ಕೇಳಿ ಇಸಿದುಕೊಂಡು, ನಾಲ್ಕು ಉತ್ತರಕ್ಕೆ ನಾಲ್ಕು ಸರಿ ಗುರುತು ಹಾಕಿದಳು, ಐದನೆಯದಕ್ಕೆ ಸೊನ್ನೆ. ಹತ್ತಕ್ಕೆ ಎಂಟು. ಕೆಳಗೆ ಸಹಿ ಮಾಡಿದಳು.

“ನಮ್ಮ ನಲವತ್ತೆರಡು ಜನರಲ್ಲಿ ಹದಿನೇಳು ಜನರ ವಿಳಾಸ ನನ್ನ ಹತ್ರ ಇದೆ,” ಎಂದಳು ಪಕ್ಕದಲ್ಲಿದ್ದ ಔಷಧಿ ಅಂಗಡಿಯವಳು. “ಉಳಿದವರನ್ನ ಹುಡುಕ್ತೀನಿ.”

“ಪರೀಕ್ಷಾ ಕಚೇರಿಗೂ ಒಂದು. ಶಾಲೆಗೂ.”

“ಹೆಡ್ ಮೇಡಂ ಸತ್ತ ಮೇಲೆ ಕಳಿಸಿದ್ರೆ ಆಗಲ್ವಾ ಚಿಕ್ಕ ಮೇಡಂ?” ಅವಳು ಕೇಳಿದಳು. ಕೇಳಲೇಬೇಕಲ್ಲ ಎಂದು ಕೇಳಿದಂತಿತ್ತು.

“ನಿನಗೆ ಆಗುತ್ತಾ?”

ಔಷಧಿ ಅಂಗಡಿಯವಳು “ಇಲ್ಲ,” ಎಂದಳು.

ಅಂಗಡಿಯವನು ಹಾಳೆಯನ್ನು ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಮುಚ್ಚಿದ. ಮೊದಲನೇ ಪ್ರತಿ ಹೊರಬಂದದ್ದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

“ಬರೆದ ಪೆನ್ನು ಮಂದ ಮೇಡಂ. ಅಕ್ಷರ ತೆಳ್ಳಗೆ ಬರ್ತಿದೆ. ಇನ್ನೂ ಸ್ವಲ್ಪ ಕಪ್ಪು ಮಾಡ್ಲಾ?”

“ಮಾಡಿ,” ಎಂದಳು ತಂಗಿ.

ಅವನು ಗುಂಡಿಯನ್ನು ಮೂರು ಸಲ ಒತ್ತಿದ. ಮುಚ್ಚಳದ ಅಂಚಿನಲ್ಲಿ ಹಸಿರು ಬೆಳಕು ಈ ತುದಿಯಿಂದ ಆ ತುದಿಗೆ ಹರಿಯಿತು, ಹಿಂದಿರುಗಿತು, ಮತ್ತೆ ಹರಿಯಿತು. ಬಿಸಿ ಹಾಳೆಗಳು ಒಂದರ ಮೇಲೊಂದು ಬೀಳತೊಡಗಿದವು.