ತಲೆಗೊಂದು ಪಾವು

ಶಿರಂಗಾಲದ ಆ ಮನೆಯಲ್ಲಿ ಅಕ್ಕಿ ಅಳೆಯುವುದು ಅತ್ತೆ ಚನ್ನಬಸಮ್ಮನ ಕೆಲಸ, ಬೇಯಿಸುವುದು ಸೊಸೆ ಶಾಂಭವಿಯ ಕೆಲಸ. ಮಧ್ಯಾಹ್ನಕ್ಕೆ ತಲೆಗೊಂದು ಪಾವು. ಮಾವ ಜಯಪ್ಪನಿದ್ದಾಗ ನಾಲ್ಕು ಪಾವು ಬೀಳುತ್ತಿತ್ತು. ಅವನು ತೀರಿಕೊಂಡು ಶಿವಗಣಾರಾಧನೆ ಮುಗಿದ ಮರುದಿನ ಚನ್ನಬಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಒಂದು ಪಾವು ಕಮ್ಮಿ ಹಾಕಿದಳು. ಸತ್ತವರ ಪಾಲು ಮಾತ್ರ ತೆಗೆಯಬೇಕು. ಬದುಕಿರುವವರ ಪಾಲಿಗೆ ಕೈ ಹಾಕಿದರೆ ಅವರ ಆಯಸ್ಸಿಗೇ ಕೈ ಹಾಕಿದ ಹಾಗೆ ಅನ್ನುವುದು ಆ ಮನೆಯ ನಂಬಿಕೆ. ಶಾಂಭವಿಗೂ ಆ ಭಯ ಇಲ್ಲದಿರಲಿಲ್ಲ.

ಊರಿಗೆ ಬಂದ ಆರೋಗ್ಯ ತಪಾಸಣೆಯಲ್ಲಿ ಡಾಕ್ಟರಮ್ಮ ಅವಳನ್ನು ತೂಕಕ್ಕೆ ಹತ್ತಿಸಿ, ರಕ್ತ ನೋಡಿ, ನೇರವಾಗಿ ಹೇಳಿದರು. "ಶುಗರ್ ಇನ್ನೂ ಬಂದಿಲ್ಲಮ್ಮ, ಹೊಸ್ತಿಲಲ್ಲಿ ನಿಂತಿದೆ. ಮೈ ಇಳಿಸಿ. ಅನ್ನ ಕಮ್ಮಿ ಮಾಡಿ, ತರಕಾರಿ, ಹಣ್ಣು ಜಾಸ್ತಿ ತಿನ್ನಿ."

ಶಾಂಭವಿಯ ಹೆತ್ತಮ್ಮನಿಗೆ ಇದೇ ಕಾಯಿಲೆಯಲ್ಲಿ ಮೊದಲು ಬೆರಳು ಹೋಗಿ, ಆಮೇಲೆ ಕಾಲು ಹೋಗಿ, ಕೊನೆಗೆ ಜೀವವೇ ಹೋಗಿತ್ತು.

ತರಕಾರಿಗೇನು ಬರವೇ? ಗಂಡ ಮಂಜೇಶ್ ಬೆಳೆಯುವುದೇ ಬೀನ್ಸು, ಸೌತೆ, ಎಲೆಕೋಸು. ಆದರೆ ಒಳ್ಳೆಯದೆಲ್ಲ ಪಿಕಪ್ ಹತ್ತಿ ಕುಶಾಲನಗರಕ್ಕೆ ಹೋಗುತ್ತಿತ್ತು. ಮನೆಗೆ ಉಳಿಯುವುದು ಸೊಟ್ಟದ್ದು, ಹುಳುಕಿನದು, ಅದೂ ಸಾರಿಗಾಗುವಷ್ಟು. ಶಾಂಭವಿ ನಾಲ್ಕು ಎಳೆ ಸೌತೆಕಾಯಿ ಎತ್ತಿಟ್ಟುಕೊಂಡ ದಿನ ಮಂಜೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನೇ ಇದು, ದನದ ಮೇವು! ಹಸು ಮಾರಿ ಟಿಲ್ಲರ್ ತಂದ್ಮೇಲೆ ಕೊಟ್ಟಿಗೆ ಖಾಲಿ ಅಂದ್ಕೊಂಡಿದ್ನಲ್ಲ!"

ಅತ್ತೆಯೂ ಸುಮ್ಮನಿರಲಿಲ್ಲ. "ಗಂಡ ಉಣ್ಣೋಕ್ ಮುಂಚೆ ಸೊಸೆ ತಟ್ಟೆ ಹಿಡ್ಕೊಂಡ್ ಕೂತ್ರೆ ನೋಡ್ದೋರು ಏನಂದಾರು? ಎಲ್ಲಾರ್ದು ಆದ್ಮೇಲೆ ಮಿಕ್ಕಿದ್ದು ತಿನ್ನು. ನಾವೆಲ್ಲ ಹಂಗೇ ಬಾಳಿದ್ದು."

ಸೌತೆಕಾಯಿ ಮರಳಿ ಕ್ರೇಟು ಸೇರಿದವು.

ಆ ವರ್ಷವೇ ಮಂಜೇಶನಿಗೆ ಕೋಸಿನ ಮೂಟೆ ಹೊರುವಾಗ ಎದೆ ಹಿಡಿದುಕೊಂಡಿತು. ಕುಶಾಲನಗರದ ಡಾಕ್ಟರು ಹೇಳಿದ್ದೂ ಅದೇ ಮಾತು: ಮೈ ಇಳಿಸಿ, ಅನ್ನ ಬಿಡಿ, ತರಕಾರಿ ತಿನ್ನಿ. ಅಬ್ಬಬ್ಬಾ, ಆಮೇಲೆ ನೋಡಬೇಕಿತ್ತು ಆ ಮನೆಯ ಸಡಗರ! ಚನ್ನಬಸಮ್ಮ ತಾನೇ ಹೊಲಕ್ಕೆ ಹೋಗಿ ಎಳೆಯದನ್ನು ಆರಿಸಿ ತಂದಳು. ಪೇಟೆಯಿಂದ ಪಪ್ಪಾಯ, ಸೀಬೆ, ಕ್ಯಾರೆಟ್ ಬಂದವು. ಬೆಳಗ್ಗೆ ಎದ್ದರೆ ಶಾಂಭವಿಗೆ ಹೆಚ್ಚುವುದು, ತುರಿಯುವುದು, ಹೆಸರುಕಾಳು ಮೊಳಕೆ ಕಟ್ಟುವುದು. ದನದ ಮೇವು ಅನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಆದರೆ ಅಕ್ಕಿ ಮಾತ್ರ ಮೂರು ಪಾವೇ ಬೀಳುತ್ತಿತ್ತು.

"ಅವರು ಅನ್ನ ಮುಟ್ಟಲ್ವಲ್ಲ ಅತ್ತೆ, ಒಂದು ಪಾವು ಕಮ್ಮಿ ಹಾಕಿ" ಎಂದಳು ಶಾಂಭವಿ.

"ಬಾಯಿಗ್ ಮಣ್ಣಾಕ! ನನ್ ಮಗ ಗುಂಡುಕಲ್ಲಂಗೆ ಇರುವಾಗ ಅವನ ಪಾಲು ತೆಗೀಬೇಕಾ?"

"ಮತ್ತೆ ಮಿಕ್ಕಿದ ಅನ್ನ?"

"ಪ್ರಸಾದ ಕಣೆ, ಚೆಲ್ಲಬಾರ್ದು. ನೀನಿಲ್ವಾ?"

ಅವಳಿದ್ದಳಲ್ಲ! ತನ್ನ ಪಾಲೂ ಉಂಡಳು, ಗಂಡನ ಪಾಲೂ ಉಂಡಳು, ಶರಣರ ಮನೆಯ ರೂಢಿಯಂತೆ ತಟ್ಟೆ ತೊಳೆದು ಆ ನೀರನ್ನೂ ಕುಡಿದಳು. ಹಣ್ಣಿನ ತಟ್ಟೆಯಲ್ಲಿ ಅವಳಿಗೆ ದಕ್ಕಿದ್ದು ಪಪ್ಪಾಯದ ಸಿಪ್ಪೆಗೆ ಅಂಟಿದ ತಿರುಳು. ಮಂಜೇಶನ ಪ್ಯಾಂಟು ಸಡಿಲವಾಗುತ್ತಾ ಬಂತು, ಅವಳ ರವಿಕೆ ಬಿಗಿಯಾಗುತ್ತಾ ಹೋಯಿತು. ನೆಂಟರ ಮನೆಯಲ್ಲಿ ಎಲ್ಲರೂ ಅವನ ಬೆನ್ನು ತಟ್ಟುವವರೇ. "ಮನಸ್ಸು ಮಾಡ್ಬೇಕು ಅಷ್ಟೆ" ಎಂದು ಅವನು ಮೀಸೆ ತಿರುವಿದರೆ, ಜನ ಶಾಂಭವಿಯನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು.

ಮುಂದಿನ ತಪಾಸಣೆಯಲ್ಲಿ ಶುಗರ್ ಹೊಸ್ತಿಲು ದಾಟಿತ್ತು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು.

"ಬಾಯಿ ಕಟ್ಬೇಕು ಕಣೆ" ಎಂದ ಮಂಜೇಶ್, ಸೀಬೆಹಣ್ಣು ಕಚ್ಚುತ್ತಾ. "ನನ್ನ ನೋಡಿ ಕಲಿ."

ಮರುದಿನ ಚನ್ನಬಸಮ್ಮ ಅಕ್ಕಿ ಅಳೆದಿಟ್ಟು ಅತ್ತ ತಿರುಗಿದ್ದೇ ತಡ, ಶಾಂಭವಿ ಪಾತ್ರೆಯಿಂದ ಒಂದು ಪಾವು ತುಂಬಿ ಡಬ್ಬಕ್ಕೆ ಸುರಿದಳು. ಸದ್ದು ಕೇಳಿ ಅತ್ತೆ ಓಡಿ ಬಂದಳು.

"ಅಯ್ಯೋ ಶಿವನೇ! ನನ್ ಮಗನ ಪಾಲು ತೆಗೆದ್ಯೇನೇ? ನಿನ್ನ ಕೈ ಸೇದೋಗ!"

"ಅವರದಲ್ಲ ಅತ್ತೆ. ಅವರದು ಹಂಗೇ ಇದೆ, ಮಿಕ್ಕಿದ್ರೆ ಅದನ್ನೇ ಉಣ್ತೀನಿ. ತೆಗೆದಿದ್ದು ನಂದು."

ಶಾಂಭವಿ ಪಾವನ್ನು ಕೈಯಲ್ಲಿ ಹಿಡಿದೇ ನಿಂತಳು. ಬೇಡ ಕಣೆ, ಅಪಶಕುನ, ನಿನ್ನ ಪಾಲೂ ಹಾಕು ಎಂದು ಈಗ ಅಂದಾಳು, ಈಗ ಅಂದಾಳು ಎಂದು ಅತ್ತೆಯ ಮುಖವನ್ನೇ ನೋಡಿದಳು.

ಚನ್ನಬಸಮ್ಮ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. "ಮೊದ್ಲೇ ಹೇಳ್ಬಾರ್ದಾ? ಜೀವ ಬಾಯಿಗ್ ಬಂದಿತ್ತು ನಂಗೆ" ಎಂದು ಹೊರಗೆ ಹೋದಳು.

ಜಗುಲಿಯಿಂದ ಮಂಜೇಶ್ ಕೂಗಿದ. "ಶಾಂಭವಿ, ಪಪ್ಪಾಯ ಹೆಚ್ಚಾಯ್ತಾ?"

ಅವಳು ಪಾವನ್ನು ಡಬ್ಬದೊಳಗಿಟ್ಟು, ಚಾಕು ತೆಗೆದುಕೊಂಡಳು.