ಅಂಚಿನಲ್ಲಿ ನಿಂತ ದೇವದೂತ

ಎಲ್ಲಿಗೆ ಹೋದರೂ ಸಭೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖಮಾಡಿ ಕೂರುವುದು ನಮ್ಮ ಚಿತ್ರಕಲೆಯ ಮೇಷ್ಟ್ರ ಜಾಯಮಾನ. ಮೊಣಕೈ ಸವೆದ ಕಂದು ಕೋಟು, ಒಂದು ಹೆಜ್ಜೆ ಇಟ್ಟು ಇನ್ನೊಂದಕ್ಕೆ ಅನುಮತಿ ಬೇಡುವಂಥ ನಡಿಗೆ, ಯಾರೂ ಎದುರಾಡದಿದ್ದರೂ "ಹಾಗಲ್ಲ, ಹಾಗಲ್ಲ" ಎಂದೇ ಮೊದಲಾಗುವ ಮಾತು. ಪಕ್ಕದ ಕೋಣೆಯಲ್ಲಿ ಸಾಹಿತ್ಯ ಪಾಠ ಮಾಡುತ್ತಿದ್ದ ನಾನೂ ನನ್ನಂಥ ಕಿಡಿಗೇಡಿಗಳೂ ಸೇರಿ ಅವರಿಗೆ 'ದ್ವಾರಪಾಲಕ' ಎಂದು ನಾಮಕರಣ ಮಾಡಿದ್ದೆವು. ಮೇಷ್ಟ್ರು ಮದುವೆಯಾಗಲಿಲ್ಲ. ಭಾನುವಾರದ ಊಟ ಅಕ್ಕನ ಮನೆಯಲ್ಲಿ. ಒಮ್ಮೆ ನಾನೂ ಜೊತೆಗಿದ್ದಾಗ ಆಕೆ ತಟ್ಟೆ ಇಡುತ್ತ, "ಇವನ ಮನೆಗೆ ಬರೋರು ಯಾರೂ ಇಲ್ಲ, ಆದ್ರೂ ಬಾಗಿಲು ಕಾಯ್ತಾನೆ ನೋಡಿ," ಎಂದು ನಕ್ಕರು. ನಾವಿಟ್ಟ ಹೆಸರು ನೆನಪಾಗಿ ನಾನು ತಟ್ಟೆಯತ್ತ ಬಾಗಿದೆ.

ಹಳೆಯ ಪ್ರಾರ್ಥನಾಮಂದಿರದಲ್ಲಿ ಒಂದು ದೊಡ್ಡ ಚಿತ್ರವಿದೆ: ದನದ ಕೊಟ್ಟಿಗೆಯ ಗೋದಲಿಯಲ್ಲಿ ಮಲಗಿದ ದೈವಶಿಶು, ಬಾಗಿದ ತಾಯಿ, ಸುತ್ತ ಮುಗಿಬಿದ್ದ ದೇವದೂತರು. ಎಲ್ಲರ ದೃಷ್ಟಿಯೂ ಕೂಸಿನ ಮೇಲೆ ನೆಟ್ಟಿರಲು, ಅಂಚಿನಲ್ಲಿ ನಿಂತ ಒಬ್ಬ ಮಾತ್ರ ಚಿತ್ರದಿಂದಾಚೆ ನೋಡುತ್ತಿದ್ದ. ಅದು ಅಹಂಕಾರದ ಸಂಕೇತವೆಂದು ಪಂಡಿತರು ಷರಾ ಬರೆದಿದ್ದರು. ಮೇಷ್ಟ್ರು ಅವನೊಬ್ಬನ ಮೇಲೆಯೇ ಒಂದು ಪುಸ್ತಕ ಬರೆದರು.

"ಹಾಗಲ್ಲ, ಹಾಗಲ್ಲ. ಒಳಗೆ ಇಷ್ಟೊಂದು ಸಂಭ್ರಮ ಇರೋವಾಗ ಹೊರಗೆ ಉಳಿದೋರನ್ನ ಯಾರಾದ್ರೂ ನೋಡ್ಬೇಕಲ್ವಾ? ಇವನನ್ನ ಅದಕ್ಕೇ ಕಳಿಸಿದ್ದು."

ಆ ಚಿತ್ರದೆದುರಿನ ಬೆಂಚಿನಲ್ಲಿ ಅವರು ಸಂಜೆಗಳನ್ನು ಕಳೆಯುತ್ತಿದ್ದುದು ಅಧ್ಯಯನಕ್ಕೆಂದು ನಾನು ಬಹುಕಾಲ ನಂಬಿದ್ದೆ. ತಮ್ಮನ್ನು ನೋಡುವ ಒಂದು ಜೊತೆ ಕಣ್ಣಿಗಾಗಿ ಅವರು ಹೋಗುತ್ತಿದ್ದರೆಂಬುದು ತಡವಾಗಿ ಹೊಳೆಯಿತು.

ಚಿತ್ರ ಮಸುಕಾದಾಗ ಅದನ್ನು ಶುಚಿಗೊಳಿಸುವ ಕೆಲಸ ಅವರ ಹಳೆಯ ವಿದ್ಯಾರ್ಥಿನಿಯ ಪಾಲಿಗೆ ಬಂತು. ಒಂದು ಮಧ್ಯಾಹ್ನ ಆಕೆ ಮೇಷ್ಟ್ರನ್ನು ಕರೆಸಿದಳು; ನಾನೂ ಹೋದೆ. ಚಿತ್ರದ ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದಳು. ಅಂಚಿನ ದೇವದೂತನಲ್ಲಿ ನಾವು ನೋಡುತ್ತ ಬಂದ ಕಣ್ಣುಗಳು ಎಂದೋ ಬಿರುಕು ಮುಚ್ಚಲು ಬಂದ ಯಾರೋ ಬರೆದವು. ಅವುಗಳಡಿಯ ಮೂಲ ಕಣ್ಣುಗಳು, ಉಳಿದವರಂತೆಯೇ, ಮಗುವಿನ ಮೇಲಿದ್ದವು.

"ಮೇಲಿನ ಬಣ್ಣಾನೂ ಹಳೇದೇ ಸರ್. ಬಿಡು ಅಂದ್ರೆ ಬಿಡ್ತೀನಿ. ಮಂದಿರದೋರು ನಿಮ್ಮ ಮಾತಿಗೇ ಬಿಟ್ಟಿದಾರೆ," ಎಂದಳು, ತಲೆ ತಗ್ಗಿಸಿಕೊಂಡು.

ಒಂದು ಮಾತು ಸಾಕಿತ್ತು. ಪುಸ್ತಕ ಉಳಿಯುತ್ತಿತ್ತು, ಸಂಜೆಗಳೂ ಉಳಿಯುತ್ತಿದ್ದವು. ಬಿಡು ಎನ್ನಲಿ ಎಂದು ನಾನು ಒಳಗೊಳಗೇ ಹಾರೈಸಿದೆ. ಮೇಷ್ಟ್ರು ಚಿತ್ರದ ಹತ್ತಿರ ಹೋಗಿ ಅಂಚಿನವನ ಎದುರು ನಿಂತರು.

"ತೆಗೆದುಬಿಡಮ್ಮ," ಎಂದರು. "ಪಾಪ, ಇಷ್ಟು ವರ್ಷ ಅವನ ಮುಖಾನ ಹೊರಗೇ ತಿರುಗಿಸಿ ಇಟ್ಬಿಟ್ವಿ. ಅವನೂ ಮಗೂನ ನೋಡ್ಲಿ."

ಈಗ ಆ ಚಿತ್ರದಲ್ಲಿ ಎಲ್ಲರೂ ಒಂದೇ ಕಡೆ ನೋಡುತ್ತಾರೆ, ಮೇಷ್ಟ್ರು ಸಂಜೆ ಹೊರಗೆ ಹೊರಡುವುದಿಲ್ಲ. ಚಿತ್ರಗಳಿಗೆ ಅರ್ಥ ಹೇಳುವವರಲ್ಲಿ ಬಹುಮಂದಿ ಅರ್ಥದ ನೆಪದಲ್ಲಿ ತಮಗೊಂದು ಜೊತೆ ಹುಡುಕಿಕೊಳ್ಳುತ್ತಾರೆ. ಅಪರೂಪಕ್ಕೆ ಒಬ್ಬರು, ಸಿಕ್ಕ ಒಬ್ಬನೇ ಜೊತೆಗಾರನನ್ನೂ ಸತ್ಯಕ್ಕೆ ಒಪ್ಪಿಸಿ ಬರಿಗೈಯಲ್ಲಿ ಮನೆಗೆ ನಡೆಯುತ್ತಾರೆ. ಅಂಥವರನ್ನು ಕಂಡಾಗ ಮೆಚ್ಚುಗೆಗೆ ಮೊದಲು ನನಗೆ ಸಂಕಟವಾಗುತ್ತದೆ.