ಹುಬ್ಬುಗಳ ನಡುವಿನ ‘ಬೇಡ’

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎದುರಿಗೆ ‘ಟೈಲರಕ್ಕ’, ಬೆನ್ನ ಹಿಂದೆ ‘ಗಂಟುಮೋರೆ’. ಎರಡನೆಯದನ್ನು ಇಟ್ಟವರು ಯಾರೋ ಏನೋ, ಅವರ ಕಣ್ಣಂತೂ ಚುರುಕಾಗಿತ್ತು. ಅವಳ ಎರಡು ಹುಬ್ಬುಗಳ ನಡುವೆ ಉಳಿಯಿಂದ ಕೊರೆದಂಥ ಎರಡು ಗೆರೆಗಳಿದ್ದವು. ನಗುವಾಗಲೂ ಅವು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಹೀಗಾಗಿ ಪಾಪ, ಅವಳು ಮನಸಾರೆ ನಕ್ಕರೂ ಒಳಗೊಳಗೇ ಯಾರಿಗೋ ಬೈದುಕೊಳ್ಳುತ್ತಿದ್ದಾಳೆ ಅನ್ನಿಸುತ್ತಿತ್ತು.

ನಿಜ ಹೇಳಬೇಕೆಂದರೆ ಅವು ಸಿಡುಕಿನಿಂದ ಬಂದ ಗೆರೆಗಳಲ್ಲ, ಗುಂಡುಸೂಜಿಯಿಂದ ಬಂದವು. ಅಂಗಡಿ ಅವಳ ಅಪ್ಪನದು. ಎಲ್ಲ ದರ್ಜಿಗಳೂ ಬಟ್ಟೆಯನ್ನು ಮೇಜಿನ ಮೇಲೆ ಹರವಿ ಕತ್ತರಿಸಿದರೆ, ಅಪ್ಪ ಮಾತ್ರ ಕೊನೆಯ ಕತ್ತರಿಯನ್ನು ಗಿರಾಕಿಯ ಮೈಮೇಲೇ ಆಡಿಸಬೇಕು ಎಂದು ಹಟ ಹಿಡಿಯುತ್ತಿದ್ದ. ಐವತ್ತು ದಾಟುತ್ತಲೇ ಅವನ ಕಣ್ಣು ಮಂಜಾಗುತ್ತ ಬಂದು, ಕೊನೆಗೆ ಪೂರ್ತಿ ಕತ್ತಲಾಯಿತು. ಅಂಗಡಿಯ ಜೊತೆಗೆ ಆ ಹಟವೂ ಇಬ್ಬರು ಹೆಣ್ಣುಮಕ್ಕಳ ಪಾಲಿಗೆ ಬಂತು. ಟ್ರಯಲ್‌ಗೆ ಬಂದ ಗಿರಾಕಿಯ ಮುಂದೆ ಅಕ್ಕ, ಅಂದರೆ ಇವಳು, ಮಂಡಿಯೂರಿ ಕೂರುವಳು. ಬಾಯಿತುಂಬ ಗುಂಡುಸೂಜಿ, ಎರಡೂ ಕೈಯಲ್ಲಿ ಬಟ್ಟೆಯ ಮಡಿಕೆ. ತಂಗಿ ಪಕ್ಕದಲ್ಲಿ ಕತ್ತರಿ ಹಿಡಿದು ನಿಲ್ಲುವಳು. ಅಕ್ಕನಿಗೆ ಮಾತಾಡುವಂತಿಲ್ಲ, ಕೈಸನ್ನೆ ಮಾಡುವಂತಿಲ್ಲ, ಬಿಡುವಾಗಿರುವುದು ಹಣೆಯೊಂದೇ. ಕತ್ತರಿ ಬಾಯ್ತೆರೆದ ಮೇಲೆ ತಂಗಿ ಒಮ್ಮೆ ಅಕ್ಕನ ಮುಖ ನೋಡುವಳು. ಹುಬ್ಬು ಗಂಟಿಕ್ಕಿದರೆ ಬೇಡ, ಇಲ್ಲದಿದ್ದರೆ ಕತ್ತರಿಸು. ಹೀಗೆಂದು ಇಬ್ಬರೂ ಯಾವತ್ತೂ ಕೂತು ಮಾತಾಡಿಕೊಂಡದ್ದಿಲ್ಲ. ಉಸಿರಾಡುವ ಬಗೆಯನ್ನು ಯಾರು ಮಾತಾಡಿಕೊಳ್ಳುತ್ತಾರೆ?

ಒಂದು ದಿನ ಫ್ರಾಕಿನ ಅಳತೆಗೆ ಬಂದ ಪುಟ್ಟ ಮಗು ಅವಳ ಮುಖ ನೋಡಿ ತುಟಿ ನಡುಗಿಸಿತು. “ಅಮ್ಮಾ, ನಾನೇನು ಮಾಡ್ದೆ? ಆಂಟಿ ಯಾಕೆ ನನ್ನ ಮೇಲೆ ಕೋಪ ಮಾಡ್ಕೊಂಡಿದಾರೆ?” ಎಂದು ಅಳುವುದಕ್ಕೇ ಶುರು ಮಾಡಿತು. ಅಮ್ಮ ಸಮಾಧಾನ ಮಾಡಿದಳು, ತಂಗಿ ಬಿದ್ದುಬಿದ್ದು ನಕ್ಕಳು. ಅಕ್ಕನೂ ನಕ್ಕಳು ಅನ್ನಿ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಬದುಕಿಡೀ ಒಬ್ಬರ ಮೇಲೂ ದನಿ ಎತ್ತದವಳಿಗೆ ಇದೆಂಥ ಬಹುಮಾನ!

ಚರ್ಮದ ಡಾಕ್ಟರರ ಹತ್ತಿರ ಹೋದದ್ದು ತಂಗಿಗೂ ಹೇಳದೆ. ಡಾಕ್ಟರಮ್ಮ ಅವಳ ಕೈಗೆ ಕನ್ನಡಿ ಕೊಟ್ಟು, ಹುಬ್ಬು ಗಂಟಿಕ್ಕಿಸಿ, ಬಿಡಿಸಿ ನೋಡಿದರು.

“ಎರಡು ದಾರಿ ಇದೆ. ಒಂದು, ಸ್ನಾಯುವನ್ನ ಮಲಗಿಸೋ ಇಂಜೆಕ್ಷನ್. ಮೂರು ನಾಲ್ಕು ತಿಂಗಳು ಹುಬ್ಬು ಗಂಟಿಕ್ಕೋಕೇ ಆಗಲ್ಲ, ಗೆರೆ ತಾನಾಗೇ ಮೆತ್ತಗಾಗುತ್ತೆ. ಇನ್ನೊಂದು, ಗೆರೆಯೊಳಗೆ ಜೆಲ್ ತುಂಬೋದು. ಹಳ್ಳ ತುಂಬುತ್ತೆ, ಹುಬ್ಬು ಎಂದಿನ ಹಾಗೇ ಆಡುತ್ತೆ. ಆದ್ರೆ ಈ ಜಾಗದಲ್ಲಿ ರಕ್ತನಾಳ ಸೂಕ್ಷ್ಮ, ಜೆಲ್ ಅದರೊಳಗೆ ಹೋದ್ರೆ ಕಣ್ಣಿಗೇ ಕುತ್ತು. ಅಪರೂಪ, ಆದ್ರೂ ನಾನು ಮೊದಲನೇದನ್ನೇ ಹೇಳೋದು.”

“ಏನೂ ಮಾಡಿಸದೆ ಇದ್ರೆ?”

“ಏನೂ ಆಗಲ್ಲ. ಗೆರೆ ಇರುತ್ತೆ, ಅಷ್ಟೆ,” ಎಂದು ಡಾಕ್ಟರಮ್ಮ ನಕ್ಕರು. “ಅಂದ ಹಾಗೆ, ಮುಖ ಆಡಿಸಬೇಕಾದ ಕೆಲಸ ಏನಾದ್ರೂ ಇದೆಯಾ ನಿಮಗೆ? ನಾಟಕ ಗೀಟಕ?”

“ನಾನು ಟೈಲರ್ ಡಾಕ್ಟ್ರೇ. ಬೆರಳು ಆಡಿದ್ರೆ ಸಾಕು.”

ಕಣ್ಣಿಗೆ ಕುತ್ತು ಎಂಬ ಮಾತು ಕಿವಿಗೆ ಬಿದ್ದೊಡನೆ, ಗೋಡೆ ತಡವುತ್ತ ಓಡಾಡುತ್ತಿದ್ದ ಅಪ್ಪ ನೆನಪಾಗಿದ್ದ. ಇನ್ನು ಯೋಚಿಸುವುದೇನಿತ್ತು? ಸ್ನಾಯು ಮಲಗಿಸುವುದನ್ನೇ ಹಾಕಿಸಿಕೊಂಡಳು. ಡಾಕ್ಟರಮ್ಮ ಹೇಳಬೇಕಾದ್ದನ್ನೆಲ್ಲ ಹೇಳಿದ್ದರು, ಅವರ ಮೇಲೆ ತಪ್ಪು ಹೊರಿಸುವಂತಿಲ್ಲ.

ಎರಡು ವಾರದಲ್ಲಿ ಹಣೆ ತಿಳಿಯಾಯಿತು. “ಏನಕ್ಕಾ, ಹತ್ತು ವರ್ಷ ಹಿಂದಕ್ಕೆ ಹೋಗ್ಬಿಟ್ಯಲ್ಲ!” ಎಂದು ತಂಗಿ ಕಣ್ಣರಳಿಸಿದಾಗ, “ಹೊಸ ಕ್ರೀಮು ಕಣೇ,” ಎಂದಳು. ನಿಜ ಹೇಳಿದ್ದರೆ ತಂಗಿ ವರ್ಷವಿಡೀ ಆಡಿಕೊಂಡು ನಗುತ್ತಿದ್ದಳು, ಅಷ್ಟೇ. ಆ ನಗುವಿಗೆ ಹೆದರಿ ಹೇಳಿದ ಸುಳ್ಳು ಅದು. ಗಿರಾಕಿಗಳು ಕೂತು ನಾಲ್ಕು ಮಾತು ಹೆಚ್ಚಿಗೆ ಆಡತೊಡಗಿದರು. ಅವಳಿಗೆ ಖುಷಿಯಾಗಿತ್ತು, ಯಾಕೆ ಸುಳ್ಳು ಹೇಳಬೇಕು?

ಆಗ ಬಂದಳು ಮದುವೆ ಗೊತ್ತಾದ ಒಬ್ಬ ಹುಡುಗಿ, ತೀರಿಹೋದ ತಾಯಿಯ ಮದುವೆಯ ಗೌನು ಹಿಡಿದುಕೊಂಡು. ಕೆನೆಬಣ್ಣದ ಹಳೆಯ ರೇಷ್ಮೆ. ಈಗ ಹುಡುಕಿದರೂ ಅಂಥ ಬಟ್ಟೆ ಎಲ್ಲೂ ಸಿಗುವುದಿಲ್ಲ. ಸೊಂಟದಲ್ಲಿ ಸ್ವಲ್ಪ ಬಿಗಿ ಮಾಡಿಕೊಟ್ಟರೆ ತನ್ನ ಮದುವೆಗೆ ಅದನ್ನೇ ತೊಡುವುದಾಗಿ ಹೇಳಿದಳು. ಬೆನ್ನ ಕಡೆ ಒಳಗಿನ ಲೈನಿಂಗ್ ಬಿಚ್ಚಿ, ರೇಷ್ಮೆಯನ್ನು ಮುಟ್ಟದೆ ಅದರ ಹೆಚ್ಚಿನದನ್ನಷ್ಟೇ ಕತ್ತರಿಸಿ ತೆಗೆಯಬೇಕಿತ್ತು. ಅಕ್ಕ ಮಂಡಿಯೂರಿ, ಲೈನಿಂಗನ್ನು ಎರಡೂ ಕೈಯಲ್ಲಿ ಮಡಿಕೆ ಮಾಡಿ ಹಿಡಿದಳು. ತಂಗಿ ಕತ್ತರಿ ತೆರೆದಳು. ಅಷ್ಟರಲ್ಲಿ ಹುಡುಗಿ ಕೊಂಚ ಹೊರಳಿದಳು. ಮಡಿಕೆಯೊಳಗೆ ನುಣ್ಣಗೆ ಏನೋ ಜಾರಿದ್ದು ಅಕ್ಕನ ಬೆರಳಿಗೆ ಗೊತ್ತಾಯಿತು. ರೇಷ್ಮೆ! ಹೊರಗಿನ ರೇಷ್ಮೆ ಒಳಕ್ಕೆ ಸೇರಿಕೊಂಡಿದೆ.

ತಂಗಿ ಅವಳ ಮುಖ ನೋಡಿದಳು. ಅವಳು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹುಬ್ಬು ಗಂಟಿಕ್ಕಿದಳು. ‘ಬೇಡ’ ಎಂದು ಹೇಳಿ ಆಯಿತು ಎಂದೇ ಅವಳ ನಂಬಿಕೆ. ಆ ನಂಬಿಕೆಯಲ್ಲೇ ಕೈ ಹಿಂದೆಳೆಯದೆ, ತಲೆ ಅಲ್ಲಾಡಿಸದೆ ಕೂತಳು.

ಕತ್ತರಿ ಸರ್ರನೆ ಹೋಯಿತು.

ಸೂಜಿಗಳನ್ನು ಉಗಿದು “ಬೇಡ ಅಂದೆನಲ್ಲೇ!” ಎಂದು ಅವಳು ಕೂಗುವಷ್ಟರಲ್ಲಿ, ತಾಯಿಯ ರೇಷ್ಮೆಯಲ್ಲಿ ಗೇಣುದ್ದದ ಸೀಳು ಬಾಯಿಬಿಟ್ಟಿತ್ತು.

“ನೀನು... ನಿನ್ನ ಮುಖ ನೋಡ್ದೆ ಅಕ್ಕಾ. ಸರಿ ಅನ್ನೋ ಹಾಗೇ ಇತ್ತಲ್ಲ!” ತಂಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

ಅಕ್ಕ ಎದುರಿನ ಉದ್ದ ಕನ್ನಡಿಯತ್ತ ತಿರುಗಿದಳು. ಎದೆ ಧಗಧಗ ಉರಿಯುತ್ತಿತ್ತು. ಆದರೆ ಕನ್ನಡಿಯೊಳಗಿನ ಹೆಂಗಸಿನ ಹಣೆ ಆಗತಾನೇ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣ್ಣಗಿತ್ತು. ಏನಾಯಿತೆಂದು ಆ ಗಳಿಗೆಯಲ್ಲೇ ಅವಳಿಗೆ ಅರ್ಥವಾಯಿತು. ಆಗಲೇ ಬಾಯಿ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು, ಬಿಡಲಿಲ್ಲ. ಹುಡುಗಿ ಸದ್ದಿಲ್ಲದೆ ಅಳುತ್ತಿದ್ದಳು. ತಂಗಿ ಅವಳ ಕೈ ಹಿಡಿದುಕೊಂಡು, “ನಂದೇ ತಪ್ಪಮ್ಮಾ, ನನ್ನ ಕಣ್ಣಿಗೆ ಏನೋ ಕವಿದಿತ್ತು,” ಎಂದು ಗೋಗರೆಯುತ್ತಿದ್ದಳು. ಅಕ್ಕ ಬಗ್ಗಿ ನೆಲದ ಮೇಲಿನ ಸೂಜಿಗಳನ್ನು ಆರಿಸುತ್ತ ಕೂತಳು.

ಸೀಳನ್ನು ಹೊಲಿದರು, ಮೇಲೆ ಪಟ್ಟಿ ಕೊಟ್ಟು ಮುಚ್ಚಿದರು. ಹುಡುಗಿ ಅದನ್ನು ಮಡಿಚಿಕೊಂಡು ಹೋದಳು. ಮದುವೆಗೆ ಬೇರೆ ಉಡುಪು ತೊಟ್ಟಳು ಎಂದು ಆಮೇಲೆ ಯಾರೋ ಹೇಳಿದರು.

ತಂಗಿ ಮಾತ್ರ ಅಲ್ಲಿಗೆ ಬಿಡಲಿಲ್ಲ. ಮಾರನೆಯ ದಿನವೇ ಕತ್ತರಿಯನ್ನು ಅಕ್ಕನ ಮುಂದಿಟ್ಟು, “ಇನ್ನು ಇದು ನಿಂದೇ. ನನಗೆ ನಿನ್ನ ಮುಖಾನೇ ಸರಿಯಾಗಿ ಕಾಣ್ತಿಲ್ಲ,” ಎಂದಳು. ಕಣ್ಣಿನ ಡಾಕ್ಟರರ ಹತ್ತಿರ ಹೋಗಿಬಂದಳು. ಅವರು ಏನೂ ತೊಂದರೆಯಿಲ್ಲ ಎಂದದ್ದು ಅವಳಿಗೆ ನಂಬಿಕೆಯಾಗಲಿಲ್ಲ. ಅಪ್ಪನಿಗೂ ಮೊದಮೊದಲು ಹೀಗೇ ಹೇಳಿದ್ದರಂತೆ. ಮಳೆಯಲ್ಲೇ ಇನ್ನೊಬ್ಬ ಡಾಕ್ಟರರ ಹತ್ತಿರ ಹೋದಳು. ಅಕ್ಕ ದಿನಾ ಬೆಳಿಗ್ಗೆ ‘ಇವತ್ತು ಹೇಳಿಬಿಡುತ್ತೇನೆ’ ಎಂದುಕೊಂಡು ಅಂಗಡಿಯ ಬೀಗ ತೆಗೆಯುವಳು, ಸಂಜೆ ‘ನಾಳೆ ಹೇಳಿದರಾಯಿತು’ ಎಂದುಕೊಂಡು ಬೀಗ ಹಾಕುವಳು. ತಂಗಿಯ ಕಣ್ಣಿಗಿಂತ ತನ್ನ ಮರ್ಯಾದೆ ಹೆಚ್ಚಾಯಿತೇ? ಆಯಿತು. ಮುಚ್ಚಿಡುವುದೇನು ಬಂತು.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ, ತಂಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಗಿಯಾಗಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ತೊಡೆಯ ಮೇಲೊಂದು ಅಂಗಿ, ಕೈಯಲ್ಲಿ ಸೂಜಿ. ಬೆರಳಿಂದ ಬಟ್ಟೆಯ ಅಂಚು ತಡವಿಕೊಂಡು ಗುಂಡಿ ಹಚ್ಚುತ್ತಿದ್ದಳು.

“ಏನೇ ಇದು?”

“ಅಭ್ಯಾಸ ಮಾಡ್ಕೋತಿದೀನಿ ಅಕ್ಕಾ,” ಎಂದಳು ಕಣ್ಣು ತೆರೆಯದೆ. “ಅಪ್ಪ ಸುಮ್ನೆ ಕೂತೇ ಸೊರಗಿದ್ರು. ನಾನು ಗುಂಡಿ ಹಚ್ಚಿಕೊಂಡಾದ್ರೂ ನಿನ್ನ ಜೊತೆ ಇರ್ತೀನಿ.”

ಅಕ್ಕ ಅಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಒದರಿಬಿಟ್ಟಳು. ಇಂಜೆಕ್ಷನ್, ಕ್ರೀಮಿನ ಸುಳ್ಳು, ಕನ್ನಡಿಯಲ್ಲಿ ಕಂಡ ಹಣೆ.

ತಂಗಿ ಕಣ್ಣು ತೆರೆದಳು. “ಹಾಗಾದ್ರೆ ನನ್ನ ಕಣ್ಣು ಚೆನ್ನಾಗೇ ಇದ್ಯಾ ಅಕ್ಕಾ?”

“ಚೆನ್ನಾಗೇ ಇದೆ ಕಣೇ.”

ತಂಗಿ ಮುಖ ಮುಚ್ಚಿಕೊಂಡು ನಕ್ಕಳು, ಹಾಗೇ ಅತ್ತಳು. ಅಕ್ಕನೂ ಅತ್ತಳು, ಬೈಗುಳ ಬರಲಿ ಎಂದು ಕಾದಳು. ಬೈಗುಳ ಬರಲಿಲ್ಲ. ತಂಗಿ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು: “ನಾನು ಎರಡನೇ ಡಾಕ್ಟ್ರ ಹತ್ರ ಹೋಗೋವಾಗ ನೀನೇ ಕೊಡೆ ತಂದುಕೊಟ್ಯಲ್ಲ. ಆಗ್ಲೂ ಗೊತ್ತಿತ್ತಾ?”

ಅಕ್ಕ ತಲೆತಗ್ಗಿಸಿದಳು. ತಂಗಿ ದಾರವನ್ನು ಹಲ್ಲಿನಿಂದ ಕಡಿದು, ಅಂಗಿ ಮಡಿಚಿಟ್ಟು ಎದ್ದು ಹೋದಳು.

ಮಾರನೆಯ ದಿನ ಅವಳು ಮತ್ತೆ ಕತ್ತರಿ ಹಿಡಿದಳು. ಮಾತು, ನಗು, ಗಿರಾಕಿಗಳ ಬಗ್ಗೆ ಗೇಲಿ, ಎಲ್ಲ ಮೊದಲಿನಂತೆಯೇ. ಅಕ್ಕ ಉಸಿರು ಬಿಟ್ಟಳು. ಇನ್ನು ಹಾಳಾದ ಸ್ನಾಯು ಎಚ್ಚರಾದರೆ ಸಾಕು ಎಂದು, ಅಲ್ಲಿಯವರೆಗೆ ಬಾಯಲ್ಲೇ ಹೇಳುತ್ತ ದಿನ ನೂಕಿದಳು. ಡಾಕ್ಟರಮ್ಮನ ಲೆಕ್ಕ ತಪ್ಪಲಿಲ್ಲ. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಹುಬ್ಬು ಕೂಡಿಸಿದರೆ, ಎರಡು ಗೆರೆಗಳೂ ಎದ್ದು ಬಂದವು. ಅದನ್ನು ನೋಡಿ ಅವಳಿಗಾದ ಸಂತೋಷ ಹೇಳತೀರದು.

ಆವತ್ತು ಒಬ್ಬ ಮೇಷ್ಟ್ರು ಕೋಟಿನ ಟ್ರಯಲ್‌ಗೆ ಬಂದಿದ್ದರು. ಅಕ್ಕ ಸೂಜಿ ಕಚ್ಚಿಕೊಂಡು ಮಂಡಿಯೂರಿದಳು. ತಂಗಿ ಕತ್ತರಿ ತೆರೆದಳು. ಮಡಿಕೆ ಒಂದು ಬೆರಳಷ್ಟು ಹೆಚ್ಚಾಗಿತ್ತು. ಅಕ್ಕ ಹುಬ್ಬು ಗಂಟಿಕ್ಕಿದಳು, ಯಾರು ನೋಡಿದರೂ ಗೊತ್ತಾಗುವಷ್ಟು ಗಟ್ಟಿಯಾಗಿ. ಮೇಷ್ಟ್ರೇ ಒಂದು ಕ್ಷಣ ಬೆದರಿದರು.

ತಂಗಿಯ ಕಣ್ಣು ಬಟ್ಟೆಯ ಮೇಲಿತ್ತು. “ಕತ್ತರಿಸ್ಲಾ, ಬೇಡ್ವಾ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಬಾಯಲ್ಲಿ ಹೇಳು ಅಕ್ಕಾ.”

ಅಕ್ಕ ಕಾದಳು. ತಂಗಿ ತಲೆ ಎತ್ತಲಿಲ್ಲ. ಕೊನೆಗೆ ಅಕ್ಕ ಒಂದು ಕೈಯ ಮಡಿಕೆ ಬಿಟ್ಟು, ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು, “ಬೇಡ,” ಎಂದಳು.

“ಸರಿ,” ಎಂದು ತಂಗಿ ಕತ್ತರಿ ಮುಚ್ಚಿದಳು.